ನಲವತ್ತೊಂದರ ಸುದ್ದಿ

ಹೈದರಾಬಾದ್
೧೬ ಜೂನ್ ೨೦೧೯, ರವಿವಾರ

ಅವ್ವಾ, ಜೈಭೀಮ್.

ಟಪಾಲು ತರುವ ಸಾಬಣ್ಣ ಅಂಗನವಾಡಿಯ ಬಾಗಿಲಲ್ಲಿ ನಿಂತು ಈ ಲಕೋಟೆ ಕೊಟ್ಟಾಗ ನಿನಗೆ ಮೊದಲು ಗಾಬರಿಯಾಗುತ್ತದೆ. ಅಕ್ಷರ ನನ್ನದೆಂದು ಗೊತ್ತಾದ ಮೇಲೆ ಸಿಟ್ಟು ಬರುತ್ತದೆ. ದಿನಾ ಸಂಜೆ ಫೋನಿನಲ್ಲಿ ಮಾತಾಡುವವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಸಾಬಣ್ಣನ ಮುಂದೆಯೇ ನನ್ನನ್ನು ಬೈದುಬಿಡು, ಅದೊಂದು ಮುಗಿದುಹೋಗಲಿ. ಆಮೇಲೆ ಮಕ್ಕಳಿಗೆ ಊಟ ಹಾಕಿ, ಅವರನ್ನು ಮನೆಗೆ ಕಳಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಓದು. ಮನೆಗೆ ಒಯ್ದು ಓದಬೇಡ.

ಮನೆಯಲ್ಲಿ ಫೋನು ಅಪ್ಪನ ದಿಂಬಿನ ಮೇಲೆಯೇ ಇರುತ್ತದೆ, ಸ್ಪೀಕರ್ ಹಾಕಿಯೇ ಇರುತ್ತದೆ. ನಾನು ಇಲ್ಲಿ ಸೀನಿದರೂ ಅವನಿಗೆ ಕೇಳುತ್ತದೆ. ನಿನ್ನೊಬ್ಬಳಿಗೇ ಹೇಳಬೇಕಾದ ಮಾತಿಗೆ ಆ ಫೋನಿನಲ್ಲಿ ಜಾಗವಿಲ್ಲ. ಇಷ್ಟು ದಿನ ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದದಲ್ಲಿ ಅಳು ಇಲ್ಲ. ನನಗೆ ಅಳು ಬರುತ್ತಿಲ್ಲ. ಬೆಳಿಗ್ಗೆ ಏಳುತ್ತೇನೆ, ಎರಡು ರೊಟ್ಟಿ ಬಡಿದುಕೊಳ್ಳುತ್ತೇನೆ, ಬಸ್ಸು ಹಿಡಿದು ಲ್ಯಾಬಿಗೆ ಹೋಗುತ್ತೇನೆ. ಮೊನ್ನೆ ಬಿಸಿ ಹಂಚು ತಾಗಿ ಅಂಗೈಯಲ್ಲಿ ಗುಳ್ಳೆ ಎದ್ದದ್ದು ಬಸ್ಸಿನಲ್ಲಿ ಕೂತು ಟಿಕೆಟ್ ತೆಗೆದುಕೊಳ್ಳುವಾಗ ಗೊತ್ತಾಯಿತು. ಹೀಗಿದ್ದೇನೆ. ಮಗಳು ಕಲ್ಲಾಗಿದ್ದಾಳೆ ಎಂದು ನಿನಗೆ ಅನ್ನಿಸಿದರೆ ನಾನು ಇಲ್ಲವೆನ್ನುವುದಿಲ್ಲ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ಮುಂದಿನದು ನನ್ನ ಕೈಯಿಂದ ಹೊರಡುವುದಿಲ್ಲ.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಕಾಲುವೆಗೆ ನೀರು ಬಿಟ್ಟಿದ್ದಾಗ ಅಪ್ಪನ ಕೈಯಲ್ಲಿ ಗೇಟಿನ ಹ್ಯಾಂಡಲ್ ತಿರುಗಲಿಲ್ಲ. ಮೂವತ್ತು ವರ್ಷ ಅದೇ ಗೇಟು ಏರಿಸಿ ಇಳಿಸಿದ ಲಸ್ಕರ್ ಅವನು. ಗ್ರೀಸ್ ಹಚ್ಚಿಲ್ಲ, ಬಿಗಿಯಾಗಿದೆ ಎಂದ. ಜೊತೆಗೆ ಕೆಲಸ ಮಾಡುವ ಖಾಜಾಹುಸೇನ ಗ್ರೀಸ್ ಹಚ್ಚಿ, ಒಂದೇ ಕೈಯಲ್ಲಿ ತಿರುಗಿಸಿ ತೋರಿಸಿ, "ಚಂದ್ರಾಮಣ್ಣಾ, ಗೇಟ್ ಸಲೀಸ್ ಅದ. ನಿನ್ನ ಕೈ ಒಮ್ಮಿ ದವಾಖಾನ್ಯಾಗ ತೋರ್ಸು" ಎಂದನಂತೆ. ಅಪ್ಪ ಅವನ ಜೊತೆ ಎರಡು ದಿನ ಮಾತು ಬಿಟ್ಟ. ಆಮೇಲೆ ಶಹಾಪುರ, ಕಲಬುರಗಿ, ಕೊನೆಗೆ ಇಲ್ಲಿ. ಇಲ್ಲಿನ ಡಾಕ್ಟರು ಮೊಣಕಾಲಿಗೆ ರಬ್ಬರಿನ ಸುತ್ತಿಗೆಯಿಂದ ಬಡಿದು, ನಾಲಿಗೆ ಹೊರಗೆ ಚಾಚಿಸಿ ಬಹಳ ಹೊತ್ತು ನೋಡಿ, ನನ್ನನ್ನು ಮಾತ್ರ ಹೊರಗೆ ಕರೆದರು. ಸ್ನಾಯುಗಳಿಗೆ ಹುಕುಂ ಕೊಡುವ ನರಕೋಶಗಳು ಒಂದೊಂದಾಗಿ ಸಾಯುವ ರೋಗ, ಬುದ್ಧಿ ಕಡೆಯವರೆಗೂ ನೆಟ್ಟಗಿರುತ್ತದೆ ಎಂದರು. ಅದನ್ನು ಅವರು ಸಮಾಧಾನದ ಮಾತಾಗಿ ಹೇಳಿದರು.

ನಾನು ಆಗ ಸಕ್ಕರೆ ಕಾಯಿಲೆಯ ಔಷಧದ ಮೇಲೆ ಕೆಲಸ ಮಾಡುತ್ತಿದ್ದೆ. ಎರಡು ತಿಂಗಳಲ್ಲಿ ನಮ್ಮ ಸಂಸ್ಥೆಯೊಳಗೇ ಈ ರೋಗದ ಗುಂಪಿಗೆ ಬದಲಾಯಿಸಿಕೊಂಡೆ. ನಮ್ಮ ಮುಖ್ಯಸ್ಥರು ಬೇಡವೆಂದರು. ಮನೆಯಲ್ಲಿರುವ ರೋಗದ ಮೇಲೆ ಕೆಲಸ ಮಾಡುವವರ ಕಣ್ಣು ಮಂಜಾಗುತ್ತದೆ ಎಂದರು. ನನ್ನ ಕಣ್ಣು ಚೆನ್ನಾಗಿದೆ ಎಂದು ನಾನು ಜೋರಾಗಿಯೇ ಹೇಳಿದೆ. ನಿನ್ನ ಮಗಳ ಬಾಯಿ ನಿನಗೆ ಗೊತ್ತಲ್ಲ.

ಆ ವರ್ಷ ಚಳಿಗಾಲಕ್ಕೆ ಊರಿಗೆ ಬಂದಾಗ, ಅಪ್ಪ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಹೊರಸಿನ ಮೇಲೆ ಕೂರಿಸಿಕೊಂಡು ನನ್ನ ಕೆಲಸ ಏನೆಂದು ಕೇಳಿದ. ನಾನು ಹೇಳಿದೆ: ಈ ನರಕೋಶ ಸಾಯುವುದಕ್ಕೆ ಒಂದೇ ಕಾರಣವಿಲ್ಲ ಅಪ್ಪಾ. ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ರಸ ಹೆಚ್ಚಾಗಿ ಅದು ಬೇಯುತ್ತದೆ. ಸುತ್ತಲಿನ ಕಾವಲಿನ ಕೋಶಗಳು ಕೆರಳಿ ಮನೆಯವರನ್ನೇ ಬಡಿಯಲು ಶುರುಮಾಡುತ್ತವೆ. ಒಳಗೆ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಗಂಟು ಕಟ್ಟುತ್ತದೆ. ಈಗ ಸಿಗುವ ಮಾತ್ರೆ ಒಂದು ಕಡೆ ಮಾತ್ರ ತಡೆಯುತ್ತದೆ, ಕೆಲವು ತಿಂಗಳು ಮುಂದೂಡುತ್ತದೆ, ಅಷ್ಟೇ. ಅವನು ಪೂರ್ತಿ ಕೇಳಿ, "ಒಂದ್ ಗೇಟ್ ಬಂದ್ ಮಾಡಿದ್ರ ನೀರು ಸುಮ್ನ ಇರ್ತದೇನವ್ವಾ? ಮ್ಯಾಲ ಎಲ್ಲ್ಯರ ಏರಿ ಒಡಕೊಂಡು ಹೋಗ್ತದ. ಮೂರೂ ಕಡಿ ಒಮ್ಮಿಗೇ ತಿರುಗಿಸ್ಬೇಕು" ಎಂದ. ನನ್ನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಿಕೊಡಲು ನನಗೆ ಒಂದು ವಾರ ಹಿಡಿದಿತ್ತು.

ಮತ್ತೆ ತಾನೇ ಕೇಳಿದ, "ಮೂರ್ ಮಂದಿ ಲಸ್ಕರ್ ಹಚ್ರಿ. ಒಬ್ಬನ ಕೈಲೇ ಯಾಕ ಮಾಡಿಸ್ತೀರಿ?" ಎಂದು. ಒಳ್ಳೆಯ ಪ್ರಶ್ನೆ. ಮೂರು ಮಾತ್ರೆ ಕೊಟ್ಟರೆ ಒಂದು ಬೇಗ ಇಳಿಯುತ್ತದೆ, ಒಂದು ತಡವಾಗಿ ಏರುತ್ತದೆ, ಯಕೃತ್ತಿನಲ್ಲಿ ಒಂದಕ್ಕೊಂದು ಜಗಳವಾಡುತ್ತವೆ. ಮೂರೂ ಕೆಲಸ ಬಲ್ಲ ಒಂದೇ ಅಣುವಾದರೆ ಎಲ್ಲ ಕಡೆಯೂ ಒಟ್ಟಿಗೆ ಮುಟ್ಟುತ್ತದೆ. ಅಂಥ ಅಣುವನ್ನು ಕಂಪ್ಯೂಟರಿನಲ್ಲಿ ಚಿತ್ರದ ಹಾಗೆ ಕೂಡಿಸಿ, ಎಲ್ಲೆಲ್ಲಿ ಹೋಗಿ ಕೂರುತ್ತದೆ ನೋಡಿ, ಆಮೇಲೆ ಗಾಜಿನ ಬುರುಡೆಯಲ್ಲಿ ತಯಾರಿಸುವುದು ನನ್ನ ಕೆಲಸ. ಮೂರನ್ನೂ ಹಿಡಿಯುವಂತೆ ಕಟ್ಟಿದರೆ ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗುವಂತೆ ಮಾಡಿದರೆ ಒಂದನ್ನು ಕೈಬಿಡುತ್ತಿತ್ತು. ಹೀಗೆ ನಲವತ್ತು ಕೆಟ್ಟವು. ನಲವತ್ತೊಂದನೆಯದು ಗಾಜಿನ ತಟ್ಟೆಯ ಕೋಶಗಳಲ್ಲಿ ಮೂರನ್ನೂ ಹಿಡಿಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ನಲವತ್ತೊಂದು ಒಬ್ಬ ಮನುಷ್ಯನಾಯಿತು. ಬೇರೆ ತಾಯಂದಿರು ಮೂವತ್ತು ದಾಟಿದ ಮಗಳಿಗೆ ಮದುವೆ ಯಾವಾಗ ಎಂದು ಕೇಳುತ್ತಾರೆ. ನೀನು ಫೋನು ಎತ್ತಿದ ಕೂಡಲೇ, "ನಲವತ್ತೊಂದು ಹ್ಯಾಂಗದವ್ವಾ?" ಎನ್ನುತ್ತಿದ್ದೆ. ನನಗೆ ಅದು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಈಗ ಇಲಿಗಳ ವಿಷಯ. ಈ ರೋಗ ಬರುವಂತೆಯೇ ಬೆಳೆಸಿದ ಸಣ್ಣ ಬಿಳಿ ಇಲಿಗಳಿವೆ. ಅರ್ಧಕ್ಕೆ ನಲವತ್ತೊಂದನ್ನು ಕರಗಿಸಿ ಬಾಯಿಯಿಂದ ಕೊಡುತ್ತೇವೆ, ಇನ್ನರ್ಧಕ್ಕೆ ಬರೀ ದ್ರವ. ವಾರಕ್ಕೆರಡು ಸಲ ಒಂದೊಂದನ್ನೂ ತಂತಿಯ ಜಾಳಿಗೆಯ ಮೇಲೆ ಬಿಟ್ಟು ಜಾಳಿಗೆಯನ್ನು ತಲೆಕೆಳಗು ಮಾಡುತ್ತೇವೆ. ಎಷ್ಟು ಸೆಕೆಂಡು ಹಿಡಿದುಕೊಂಡು ಜೋತಾಡುತ್ತದೆ ಎಂದು ನೋಡುತ್ತೇವೆ. ಹಿಂಗಾಲು ಎರಡೂ ಬಿಟ್ಟ ಕ್ಷಣ ಗಡಿಯಾರದ ಗುಂಡಿ ಒತ್ತಬೇಕು. ಕೆಳಗೆ ಮೆತ್ತನೆಯ ಬಟ್ಟೆ ಇರುತ್ತದೆ, ಪೆಟ್ಟಾಗುವುದಿಲ್ಲ. ಇದರಲ್ಲಿ ಒಂದೇ ಕಟ್ಟುನಿಟ್ಟು. ಗುಂಡಿ ಒತ್ತುವವರಿಗೆ ಯಾವ ಇಲಿಗೆ ಔಷಧ ಹೋಗಿದೆ, ಯಾವುದಕ್ಕೆ ಹೋಗಿಲ್ಲ ಎಂದು ಗೊತ್ತಿರಕೂಡದು.

ಆ ಕೆಲಸ ಕುಬ್ರಾಬೇಗಂಳದ್ದು. ನಿನಗೆ ಅವಳ ಗುರುತಿದೆ, ಸುರಪುರದವಳು. ಅಪ್ಪ ಇಲ್ಲಿ ಆಸ್ಪತ್ರೆಯಲ್ಲಿದ್ದಾಗ ನಮಗೆ ಮೂರು ದಿನ ಬುತ್ತಿ ತಂದವಳು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಅವಳು ಮಗಳ ಬಾಣಂತನಕ್ಕೆಂದು ಎರಡು ತಿಂಗಳು ರಜೆ ಹಾಕಿದಳು. ಅವಳು ಬರುವವರೆಗೂ ಇಲಿಗಳ ಕೆಲಸ ನಿಲ್ಲಿಸಬೇಕಾಗಿತ್ತು. ನಾನು ನಿಲ್ಲಿಸಲಿಲ್ಲ. ಆ ತಿಂಗಳು ಅಪ್ಪ ಚಮಚ ಹಿಡಿಯುವುದನ್ನು ಬಿಟ್ಟಿದ್ದ, ನೀನು ತುತ್ತು ಕೊಡಲು ಶುರುಮಾಡಿದ್ದೆ. ಗಡಿಯಾರವನ್ನು ನಾನೇ ಹಿಡಿದೆ.

ಇಲಿಗಳ ಗುರುತಿನ ಚೀಟಿ ಬೇರೆಯವರ ಬಳಿ ಇತ್ತು, ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದು. ಆದರೆ ನಲವತ್ತೊಂದು ಹಳದಿ ಬಣ್ಣದ ಪುಡಿ. ಕುಡಿಸಿದ ಮೇಲೆ ಇಲಿಯ ಗದ್ದದ ಕೂದಲಿಗೆ ಚೂರು ಹಳದಿ ಅಂಟಿರುತ್ತಿತ್ತು. ತಲೆಕೆಳಗಾಗಿ ಜೋತಾಡುವ ಇಲಿಯ ಗದ್ದವೇ ಮೊದಲು ಕಾಣುವುದು. ಎರಡನೆಯ ದಿನವೇ ನನಗೆ ಯಾವುದು ಯಾವುದೆಂದು ಗೊತ್ತಾಗಿತ್ತು. ಕಂಡರೂ ಕಾಣದವಳ ಹಾಗೆ ಇದ್ದೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕಾಲುವೆಯ ಗೇಜು ತೋರಿಸಲು ಒಯ್ಯುತ್ತಿದ್ದ. ನೀರು ಎಷ್ಟು ನಿಂತಿದೆ ಎಂದು ಕಡ್ಡಿ ನೋಡಿ ಮುಂಜಾನೆ ಸಂಜೆ ಬರೆಯಬೇಕು. ಕಾಲುವೆಯ ಬಾಲದ, ಎಂದರೆ ಕಟ್ಟಕಡೆಯ ಹೊಲದವರು ಏರಿಯ ಮೇಲೆ ಸುಮ್ಮನೆ ನಿಂತಿರುತ್ತಿದ್ದರು. ಅವರಲ್ಲಿ ನಮ್ಮ ಕೇರಿಯವರೂ ಇದ್ದರು, ನಮ್ಮ ದೊಡ್ಡಪ್ಪನೂ ಇದ್ದ. ಎರಡು ಇಂಚು ಕಡಿಮೆ ಬರೆದರೆ ಅವರಿಗೆ ಇನ್ನೊಂದು ತಾಸು ನೀರು ಸಿಗುತ್ತಿತ್ತು. ಅಪ್ಪ ನನಗೆ ಹೇಳುತ್ತಿದ್ದ, "ಕಡ್ಡಿ ನೋಡಿ ಬರೀಬೇಕು ರತ್ನಿ, ಮಂದಿ ಮುಖ ನೋಡಿ ಬರೀಬಾರ್ದು. ಮುಖ ನೋಡಿದ್ರ ಕೈ ತಾನಾ ಸರೀತದ." ದೊಡ್ಡಪ್ಪ ನಮ್ಮ ಮನೆಗೆ ನಾಲ್ಕು ವರ್ಷ ಬರಲಿಲ್ಲ, ನಿನಗೆ ನೆನಪಿರಬೇಕು.

ನಾನು ಮುಖ ನೋಡಿದೆ ಅವ್ವಾ. ಹಳದಿ ಗದ್ದದ ಇಲಿ ಒಂದು ಹಿಂಗಾಲು ಬಿಟ್ಟು ಇನ್ನೊಂದರಲ್ಲಿ ತಂತಿ ಹುಡುಕುವಾಗ, ಇನ್ನೂ ಹಿಡಿದಿದೆ, ಇನ್ನೂ ಹಿಡಿದಿದೆ ಎಂದುಕೊಂಡು ಕಾಯುತ್ತಿದ್ದೆ. ಗದ್ದ ಬೆಳ್ಳಗಿದ್ದ ಇಲಿ ಅದೇ ರೀತಿ ಮಾಡಿದರೆ ಬಿಟ್ಟಿತು ಎಂದು ಒತ್ತಿಬಿಡುತ್ತಿದ್ದೆ. ಒಂದು ಸೆಕೆಂಡು, ಒಂದೂವರೆ ಸೆಕೆಂಡು. ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ನನಗೇ ಗೊತ್ತಾಗಿ ನಿಲ್ಲಿಸುತ್ತಿದ್ದೆ. ಆರು ವಾರ ಒಂದೊಂದು ಸೆಕೆಂಡು ಕೂಡಿಕೊಂಡು ಗೆರೆ ಮೇಲಕ್ಕೆ ಏರಿತು. ಮುಖ್ಯಸ್ಥರು ನನ್ನ ಭುಜ ತಟ್ಟಿದರು. ಎಲ್ಲರಿಗೂ ಚಹಾ ತರಿಸಿದರು.

ಅದೇ ಸಂಜೆ ನಿನಗೆ ಫೋನು ಮಾಡಿದ್ದು. ನವೆಂಬರ್ ಕೊನೆಯ ವಾರ. ನಲವತ್ತೊಂದು ಇಲಿಗಳಲ್ಲಿ ಕೆಲಸ ಮಾಡಿತು ಎಂದೆ. ಇಲಿಯಿಂದ ಮನುಷ್ಯನಿಗೆ ಬರಲು ಏಳೆಂಟು ವರ್ಷ ಬೇಕು, ಬಹಳಷ್ಟು ಔಷಧಗಳು ನಡುದಾರಿಯಲ್ಲೇ ಬಿದ್ದುಹೋಗುತ್ತವೆ ಎಂದೂ ಹೇಳಿದೆ. ಹೇಳಿದೆ ಎಂದು ಈಗ ನನ್ನನ್ನು ನಾನು ಸಮರ್ಥಿಸಿಕೊಳ್ಳಬಹುದು. ಮೊದಲನೆಯ ಮಾತನ್ನು ಜೋರಾಗಿ ಹೇಳಿದ್ದೆ, ಎರಡನೆಯದನ್ನು ಬಸ್ಸಿನ ಸದ್ದಿನಲ್ಲಿ ಗೊಣಗಿದ್ದೆ. ನಿನಗೆ ಮೊದಲನೆಯದು ಮಾತ್ರ ಕೇಳಿಸಿತು. ಅಪ್ಪನಿಗೆ ಎರಡೂ ಕೇಳಿಸಿದ್ದವು. ಆಗ ಅವನಿಗೆ ಇನ್ನೂ ಮಾತು ಬರುತ್ತಿತ್ತು, ತೊದಲಿ ತೊದಲಿ. "ಎಂಟ್ ವರ್ಷ ಅಂದ್ರ ಭಾಳ ಅಲ್ಲ. ನಮ್ಮಪ್ಪ ಕಾಲುವಿ ನೀರಿಗೆ ಇಪ್ಪತ್ ವರ್ಷ ಕಾದಾನ. ಬಂತಿಲ್ಲೇನು?" ಎಂದ.

ಬಂತು. ಅಜ್ಜನ ಕಾಲದಲ್ಲಿ ಸರ್ವೇದವರು ಕಲ್ಲು ನೆಟ್ಟು ಹೋದರು, ಊರೆಲ್ಲ ನಕ್ಕಿತು, ಇಪ್ಪತ್ತು ವರ್ಷದ ಮೇಲೆ ನಿಜವಾಗಿಯೂ ಆ ಕಲ್ಲಿನ ಸಾಲಿನಲ್ಲೇ ನೀರು ಬಂತು. ನಮ್ಮ ಕಡೆಯವರಿಗೆ ಇದೊಂದು ಅಂಟಿಕೊಂಡುಬಿಟ್ಟಿದೆ. ಓದಿದವರು ಬಂದು ಅಳೆದು ಹೋದರೆಂದರೆ ತಡವಾದರೂ ಬರುತ್ತದೆ, ಕಾದವರಿಗೆ ಸಿಗುತ್ತದೆ ಎಂದು. ಅಪ್ಪ ನನ್ನನ್ನು ಆ ಸರ್ವೇದವರ ಜಾಗದಲ್ಲಿ ನಿಲ್ಲಿಸಿದ. ನಾನು ನಿಂತೆ.

ಅದಕ್ಕೆ ಮೊದಲು ಅವನು ಏನು ಹೇಳಿದ್ದ ಎಂಬುದು ನಿನಗೂ ನನಗೂ ದುರಗಮ್ಮತ್ತೆಗೂ ಗೊತ್ತು. ದಸರೆಯಲ್ಲಿ ನಮ್ಮ ಮೂವರನ್ನೂ ಹೊರಸಿನ ಸುತ್ತ ಕೂರಿಸಿಕೊಂಡು, ಉಸಿರು ನಿಲ್ಲುವ ಕಾಲ ಬಂದಾಗ ಕೊರಳಿಗೆ ತೂತು ಹಾಕಿ ಮಷೀನಿಗೆ ಕಟ್ಟುತ್ತಾರಂತೆ, ಅದು ನನಗೆ ಬೇಡ ಎಂದಿದ್ದ. "ಗಾಳಿ ಇರೋತನ ಇರ್ತೀನಿ. ಆಮ್ಯಾಲ ನನ್ನ ಬಿಡ್ರಿ. ಸುಂದ್ರವ್ವಗ ತ್ರಾಸ ಕೊಡಬ್ಯಾಡ್ರಿ" ಎಂದು ನಿನ್ನ ಹೆಸರು ಹಿಡಿದೇ ಹೇಳಿದ್ದ. ನೀನು ಎದ್ದು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಅವನು ಬುದ್ಧವಿಹಾರಕ್ಕೆ ಹೋಗಿ ಬಂದಾಗ ಎಷ್ಟು ಶಾಂತವಾಗಿರುತ್ತಿದ್ದನೋ ಅಷ್ಟೇ ಶಾಂತವಾಗಿದ್ದ. ಅದು ಅವನು ಯೋಚಿಸಿ ಆಡಿದ ಮಾತು.

ನವೆಂಬರಿನ ನನ್ನ ಫೋನು ಆ ಮಾತನ್ನು ತಿರುಗಿಸಿತು. ಸಂಕ್ರಾಂತಿಯ ಹೊತ್ತಿಗೆ ಅವನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಫೆಬ್ರವರಿಯಲ್ಲಿ ಕಲಬುರಗಿಯ ಡಾಕ್ಟರು ತೂತು ಹಾಕಿಸುವುದಾದರೆ ಈ ವಾರವೇ ಎಂದರು. ಅಪ್ಪ ತಲೆಯಾಡಿಸಿ ಹೂಂ ಎಂದ. ಆದರೂ ನಿನಗೆ ಧೈರ್ಯ ಸಾಲದೆ ಆಸ್ಪತ್ರೆಯ ಹೊರಗಿಂದ ನನಗೆ ಫೋನು ಮಾಡಿದೆ. "ನಲವತ್ತೊಂದಕ್ಕ ಕಾಯ್ತೀನಿ ಅನ್ಲಿಕತ್ತಾನ. ನೀ ಹೇಳವ್ವಾ, ಕಾಗದಕ್ಕ ಸೈ ಮಾಡ್ಲ್ಯಾ, ಬ್ಯಾಡಾ?" ಎಂದು ಕೇಳಿದೆ. ಮಾಡವ್ವಾ ಎಂದು ನಾನು ಹೇಳಿದೆ. ಆಗ ನಾನೂ ನಂಬಿದ್ದೆ.

ಆಮೇಲಿನದನ್ನೆಲ್ಲ ನೀನು ಮಾಡುತ್ತಿದ್ದೀ, ನಾನು ಕೇಳುತ್ತಿದ್ದೇನೆ. ನೀನು ಅಂಗನವಾಡಿಯಲ್ಲಿರುವಷ್ಟು ಹೊತ್ತು ದುರಗಮ್ಮತ್ತೆ, ಮಿಕ್ಕ ಹೊತ್ತೆಲ್ಲ ನೀನೇ. ತಾಸಿಗೊಮ್ಮೆ ಕೊಳವೆ ಹಾಕಿ ಕಫ ಎಳೆಯುವುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಕರೆಂಟು ಹೋಗಿ ಇನ್ವರ್ಟರ್ ಕೂಡ ಕೈಕೊಟ್ಟ ಆ ಮಧ್ಯಾಹ್ನ ನೀನೂ ದುರಗಮ್ಮತ್ತೆಯೂ ಸರದಿಯಲ್ಲಿ ಕೈಯಿಂದ ಗಾಳಿ ಚೀಲ ಒತ್ತುತ್ತಾ ಎರಡೂಕಾಲು ತಾಸು ಕೂತಿರಿ. ಅಂಗನವಾಡಿಯ ಅಕ್ಷರಮಾಲೆಯ ಪಟ ತಂದು ಗೋಡೆಗೆ ಹಾಕಿ, ಸಾಲು ಸಾಲು ಬೆರಳಿಟ್ಟು ತೋರಿಸಿ, ಅವನು ಕಣ್ಣು ಮಿಟುಕಿಸಿದ ಅಕ್ಷರ ಬರೆದುಕೊಳ್ಳುವ ಉಪಾಯವನ್ನು ನೀನೇ ಕಂಡುಕೊಂಡೆ. ಇಲ್ಲಿನ ಡಾಕ್ಟರಿಗೆ ಹೇಳಿದಾಗ ಅವರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ಒತ್ತಕ್ಷರ ಬಂದರೆ ಅವನಿಗೆ ಸಿಟ್ಟು ಬರುತ್ತದೆ ಎಂದು ನೀನು ಹೇಳಿದ್ದೆ, ನಾನು ಅವತ್ತು ನಕ್ಕಿದ್ದೆ. ನಕ್ಕದ್ದು ಅದೇ ಕೊನೆ ಇರಬೇಕು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮಾರ್ಚಿನಲ್ಲಿ ನೀನು ಫೋನಿನಲ್ಲಿ, ಬಲಗೈ ಬೆರಳು ಅಲ್ಲಾಡಿಸಿದ ಎಂದು ಹೇಳಿದೆ. ಅವನು ಅಲ್ಲಾಡಿಸಿರಲಿಲ್ಲ. ದುರಗಮ್ಮತ್ತೆ ನನಗೆ ಬೇರೆಯಾಗಿ ಹೇಳಿದಳು. ನೀನು ಸುಳ್ಳು ಹೇಳಿದೆ ಎಂದು ನಾನು ಅನ್ನುವುದಿಲ್ಲ. ನಿನಗೆ ಕಂಡಿರುತ್ತದೆ. ನನಗೂ ಹಾಗೆಯೇ ಕಂಡಿತ್ತು.

ಕುಬ್ರಾಬೇಗಂ ರಜೆ ಮುಗಿಸಿ ಬಂದು ನನ್ನ ಗೆರೆ ನೋಡಿದಳು. ಮಾರನೆಯ ದಿನ ಒಂದು ಇಲಿಯನ್ನು ಅಂಗೈಯಲ್ಲಿ ತಂದು ಅದರ ಗದ್ದ ತೋರಿಸಿದಳು. ಆಮೇಲೆ ಎರಡೂ ದ್ರವಗಳಿಗೆ ಒಂದೇ ಹಳದಿ ಬಣ್ಣ ಬೆರೆಸಿ, ಹೊಸ ಇಲಿಗಳನ್ನು ತೆಗೆದುಕೊಂಡು, ಗುರುತಿನ ಚೀಟಿಯನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿಸಿ, ಎಲ್ಲವನ್ನೂ ಮೊದಲಿಂದ ಮಾಡಿದಳು. ಗಡಿಯಾರ ತಾನೇ ಹಿಡಿದಳು. ಅದು ಮುಗಿದದ್ದು ಕಳೆದ ತಿಂಗಳು, ಮೇಯಲ್ಲಿ. ಚೀಟಿ ಬಿಚ್ಚಿ ನೋಡಿದರೆ ಎರಡು ಗೆರೆಗಳೂ ಒಂದರ ಮೇಲೊಂದು ಮಲಗಿದ್ದವು. ನಲವತ್ತೊಂದು ಕುಡಿದ ಇಲಿಗಳೂ ಕುಡಿಯದ ಇಲಿಗಳೂ ಒಂದೇ ಹೊತ್ತಿಗೆ ಕೈಬಿಟ್ಟವು, ಒಂದೇ ವಾರದಲ್ಲಿ ಸತ್ತವು.

ಕುಬ್ರಾಬೇಗಂ ಕುರ್ಚಿ ಎಳೆದು ನನ್ನನ್ನು ಕೂರಿಸಿ, "ನೀ ಸುಳ್ಳ ಹೇಳಿಲ್ಲ ರತ್ನಾ. ನಿನ್ನ ಹೆಬ್ಬಟ್ಟ ಹೇಳ್ಯಾದ" ಎಂದಳು. ಅವಳಿಗೆ ಸಮಾಧಾನ ಹೇಳುವುದು ಗೊತ್ತು. ನಾನು ಮುಖ್ಯಸ್ಥರ ಬಳಿ ಹೋಗಿ ಎಲ್ಲ ಹೇಳಿದೆ. ಬರೆದಿಟ್ಟಿದ್ದ ಪ್ರಬಂಧವನ್ನು ಕಳಿಸದೆ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ, ಈಗ ಅದೂ ಗೊತ್ತಿಲ್ಲ.

ಯಾಕೆ ಕೆಲಸ ಮಾಡಲಿಲ್ಲ ಎಂದು ಅಪ್ಪ ಖಂಡಿತ ಕೇಳುತ್ತಾನೆ. ಅವನಿಗೆ ಕಾರಣ ಬೇಕು. ಮೂರು ಆಳಿನ ಕೆಲಸ ಒಬ್ಬನಿಗೆ ಹೊರಿಸಿದ್ದರಿಂದ ಆ ಅಣು ದಪ್ಪವಾಯಿತು. ರಕ್ತದಿಂದ ಮಿದುಳಿಗೂ ಬೆನ್ನುಹುರಿಗೂ ಹೋಗುವ ಬಾಗಿಲು ಬಹಳ ಸಣ್ಣದು. ಗಾಜಿನ ತಟ್ಟೆಯಲ್ಲಿ ಬಾಗಿಲೇ ಇರಲಿಲ್ಲ, ಅದಕ್ಕೇ ಅಲ್ಲಿ ಗೆದ್ದಿತು. ಮೈಯೊಳಗೆ ಹೊರಗೇ ನಿಂತು ಯಕೃತ್ತಿನಲ್ಲಿ ತುಂಡಾಗಿ ಹೋಯಿತು. ಈಗ ತೆಳ್ಳಗಿನದೊಂದನ್ನು ಕಟ್ಟುತ್ತಿದ್ದೇವೆ, ಅದರ ನಂಬರು ಐವತ್ತೆಂಟು. ಅದು ಇನ್ನೂ ಚಿತ್ರವಾಗಿಯೇ ಇದೆ. ಅಪ್ಪ ಐವತ್ತೆಂಟು ಯಾವಾಗ ಎಂದು ಕೇಳಿದರೆ ಏನು ಹೇಳಬೇಕೆಂದು ಈ ಸಲ ನಾನು ಗಟ್ಟಿ ಮಾಡಿಕೊಂಡಿದ್ದೇನೆ. ಅವನ ಕಾಲಕ್ಕೆ ಬರುವುದಿಲ್ಲ ಎಂದು ಹೇಳುತ್ತೇನೆ. ಜೋರಾಗಿ ಹೇಳುತ್ತೇನೆ.

ನಾನು ಬರುತ್ತಿರುವುದು ಅದಕ್ಕೇ. ಮುಂದಿನ ರವಿವಾರ ಮುಂಜಾನೆ ಯಾದಗಿರಿಗೆ ರೈಲು ಇಳಿಯುತ್ತೇನೆ, ಶಹಾಪುರದ ಮೇಲೆ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಕೆಂಭಾವಿಯಲ್ಲಿರುತ್ತೇನೆ. ಅಲ್ಲಿಯವರೆಗೂ ನೀನು ಅವನಿಗೆ ಏನೂ ಹೇಳಬೇಡ. ಹೇಳುವುದು ನನ್ನ ಪಾಲಿನದು. ಆದರೆ ನಿನಗೆ ಮೊದಲೇ ಗೊತ್ತಿರಲಿ ಎಂದು ಬರೆದೆ. ನಾನು ಹೇಳುವಾಗ ನೀನು ಪಾತ್ರೆ ಸದ್ದು ಮಾಡಲು ಒಳಗೆ ಹೋಗಬಾರದು, ಪಟದ ಹತ್ತಿರ ನಿಂತಿರಬೇಕು.

ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೋ ಅದು ಇಲ್ಲ. ಇಲ್ಲವೆಂದು ತಿಳಿದ ಮೇಲೆ ಅವನಿಗೆ ಏನು ಬೇಕು ಎಂಬುದು ಅವನ ಮಾತು. ಎದೆಯಲ್ಲಿ ಕಫ ತುಂಬಿ ಮತ್ತೆ ಜ್ವರ ಬಂದಾಗ ಕಲಬುರಗಿಗೆ ಒಯ್ಯಬೇಕೋ ಬೇಡವೋ, ಈ ಮಷೀನಿನ ಮೇಲೆ ಎಷ್ಟು ದಿನ ಇರಬೇಕು, ಅವನು ಹೇಳಲಿ. ನಾನು ಇಲ್ಲಿನ ಡಾಕ್ಟರನ್ನು ಕೇಳಿಟ್ಟುಕೊಂಡಿದ್ದೇನೆ, ಅವನಿಗೆ ಉಸಿರಿನ ಸಂಕಟ ಆಗದಂತೆ ನೋಡಿಕೊಳ್ಳಲು ಔಷಧಗಳಿವೆ. ಇರುತ್ತೇನೆ ಎಂದರೆ ಇರಲಿ, ನಾನು ಆರು ತಿಂಗಳು ಕೆಲಸ ಬಿಟ್ಟು ಬಂದು ನಿನ್ನ ಜೊತೆ ಕೊಳವೆ ಹಿಡಿಯುತ್ತೇನೆ. ಬೇಡ ಎಂದರೆ ಅದನ್ನೂ ಕೇಳಬೇಕು. ಅವನು ಒಂದು ಅಕ್ಷರಕ್ಕೆ ಕಣ್ಣು ಮಿಟುಕಿಸಿದರೆ ನೀನು ಪೂರ್ತಿ ವಾಕ್ಯ ಊಹಿಸಿ ಮುಗಿಸುತ್ತೀ. ಆ ಒಂದು ದಿನ ಹಾಗೆ ಮಾಡಬೇಡ. ಎಷ್ಟು ಹೊತ್ತಾದರೂ ಅವನೇ ಮುಗಿಸಲಿ.

ನಿನ್ನನ್ನು ನೆನೆದರೆ ನನಗೆ ಏನಾದರೂ ಅನ್ನಿಸಬೇಕು, ಇವತ್ತು ಅನ್ನಿಸುತ್ತಿಲ್ಲ. ಆದರೆ ನಿನ್ನ ಮೇಲಿನ ಪ್ರೀತಿ ಎಲ್ಲಿಯೂ ಹೋಗಿಲ್ಲ ಎಂದು ಗೊತ್ತಿದೆ. ಕೈಗೆ ಹಂಚು ತಾಗಿದ್ದೂ ತಡವಾಗಿಯೇ ಗೊತ್ತಾಯಿತಲ್ಲ, ಇದೂ ಹಾಗೆ ಬರಬಹುದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಅವನನ್ನು ಎತ್ತಬೇಡ. ದುರಗಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು, ಮಾರ್ಚಿನ ವಿಷಯ ನಾನು ಬರೆದೆ ಎಂದು ಅವಳ ಜೊತೆ ಜಗಳ ತೆಗೆಯಬೇಡ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು,
ರತ್ನಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಎರಡು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ, ಇವತ್ತು ಮಂಗಳವಾರ ಮತ್ತೆ ಬಿಚ್ಚಿದೆ. ಮೇಲೆ ಎರಡು ಕಡೆ ಸುಳ್ಳು ಬರೆದಿದ್ದೇನೆ. ಕುಬ್ರಾಬೇಗಂ ಚೀಟಿ ಬಿಚ್ಚಿದ್ದು ಮೇ ತಿಂಗಳಲ್ಲಿ ಅಲ್ಲ. ಫೆಬ್ರವರಿ ಎಂಟು, ಶುಕ್ರವಾರ. ನೀನು ಆಸ್ಪತ್ರೆಯ ಹೊರಗಿಂದ ಫೋನು ಮಾಡಿ ಸೈ ಮಾಡಲೋ ಬೇಡವೋ ಎಂದು ಕೇಳಿದ್ದು ಹತ್ತನೇ ತಾರೀಖು, ರವಿವಾರ. ನಲವತ್ತೊಂದು ಇಲ್ಲ ಎಂದು ನನಗೆ ಅವತ್ತಿಗೆ ಎರಡು ದಿನದಿಂದ ಗೊತ್ತಿತ್ತು. ನಾನೂ ನಂಬಿದ್ದೆ ಎಂದು ಬರೆದದ್ದೂ ಸುಳ್ಳು, ಗೊತ್ತಿದ್ದೇ ಮಾಡವ್ವಾ ಎಂದೆ. ನಿಜ ಹೇಳಿದ್ದರೆ ಅಪ್ಪ ಬೇಡ ಅನ್ನುತ್ತಿದ್ದ, ಆ ವಾರವೇ ಹೋಗಿಬಿಡುತ್ತಿದ್ದ. ಅವನು ಇರಬೇಕೆಂಬುದು ನನ್ನ ಆಸೆ, ಅವನನ್ನು ಕೇಳಲಿಲ್ಲ. ರವಿವಾರ ಅವನ ಮುಂದೆ ಕೂತಾಗ ನಾನು ಮಿಕ್ಕಿದ್ದೆಲ್ಲ ಹೇಳಿ ಇದೊಂದನ್ನು ಬಿಟ್ಟುಬಿಟ್ಟರೆ, ನೀನು ಈ ಹಾಳೆ ತೆಗೆದು ಅವನಿಗೆ ಓದು.